ಸ್ಟಾಕರ್ ಕರು ಸಾಕುವವರ ತರಬೇತಿಗಳು: ಕ್ಯಾನ್ಸಸ್‌ನಲ್ಲಿ ಕೆಲವು ವರ್ಷ ಬಳಸಿ ನೋಡಿದ ಮೇಲೆ

ನಾನು ಅಮೆರಿಕದ ಕ್ಯಾನ್ಸಸ್ ರಾಜ್ಯದ ಫ್ಲಿಂಟ್ ಹಿಲ್ಸ್‌ನ ಒಂದು ರ‍್ಯಾಂಚ್‌ನಲ್ಲಿ ಕೆಲಸ ಮಾಡುತ್ತೇನೆ. ಹಾಲು ಬಿಡಿಸಿದ ಕರುಗಳನ್ನು 500 ಪೌಂಡ್ ಆಸುಪಾಸಿನಲ್ಲಿ ಕೊಂಡು, ಹುಲ್ಲು ಮೇಯಿಸಿ ಬೆಳೆಸಿ, ಫೀಡ್‌ಲಾಟ್‌ಗೆ (ಕಾಳು ತಿನ್ನಿಸಿ ಕೊಬ್ಬಿಸುವ ಕಡೆಗೆ) ಮಾರುವುದು ನಮ್ಮ ಕಸುಬು. ಇಂಥ ಕರುಗಳಿಗೇ ಸ್ಟಾಕರ್ ಅಂತಾರೆ. ಪಶುವೈದ್ಯ ಓದಿ ಈ ಕಡೆ ಬರುವ ನಮ್ಮ ಹುಡುಗರು ಯಾವ ತರಬೇತಿಗೆ ಸೇರಬೇಕು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಬೀಫ್ ಕ್ವಾಲಿಟಿ ಅಶ್ಯೂರೆನ್ಸ್ ಎಂಬ, ಮಾಂಸದ ಗುಣಮಟ್ಟ ಕಾಪಾಡುವ ತರಬೇತಿ ಮಾಡಿಕೊಳ್ಳಿ. ಇಲ್ಲಿ ಎಲ್ಲರೂ ಬಿಕ್ಯೂಎ ಅಂತಾರೆ. ಆನ್‌ಲೈನ್ ಪಾಠ ಪುಕ್ಕಟೆ, ಸ್ಟಾಕರ್ ಸಾಕುವವರಿಗೇ ಬೇರೆ ಭಾಗ ಇದೆ. ಸರ್ಟಿಫಿಕೇಟು 3 ವರ್ಷ ನಡೆಯುತ್ತದೆ. ಇಂಜೆಕ್ಷನ್ ಏನಿದ್ದರೂ ಕುತ್ತಿಗೆಗೇ, ತೊಡೆಗೆ ಬೇಡ. ಒಂದೇ ಜಾಗಕ್ಕೆ 10 ಸಿಸಿಗಿಂತ ಜಾಸ್ತಿ ಹಾಕಬಾರದು. 10-15 ಕರುಗಳಿಗೊಮ್ಮೆ ಸೂಜಿ ಬದಲಿಸಬೇಕು, ಬಾಗಿದ ಸೂಜಿಯನ್ನು ಮತ್ತೆ ಬಳಸಲೇಬಾರದು. ಇದನ್ನೆಲ್ಲ ಕಾರಣ ಸಮೇತ ಹೇಳಿಕೊಡುತ್ತಾರೆ. ಸರ್ಟಿಫಿಕೇಟು ನವೀಕರಿಸುವುದು ಸುಮ್ನೆ ಕಾಟ ಅನ್ನಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ. ಅಂಗಡಿಯಲ್ಲಿ ನೇರವಾಗಿ ಸಿಗುತ್ತಿದ್ದ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್‌ಗೆ 2023ರ ಜೂನ್‌ನಿಂದ ವೆಟ್ (ಪಶುವೈದ್ಯರು) ಬರೆದ ಚೀಟಿ ಬೇಕೇ ಬೇಕು.

ಆದರೆ ಕೈ ಪಳಗುವುದು ಕೊಟ್ಟಿಗೆಯ ಹತ್ತಿರವೇ. ಹೊಸ ಲೋಡ್ ಇಳಿದ ಮೊದಲ ವಾರಗಳಲ್ಲೇ ಶ್ವಾಸಕೋಶದ ಜ್ವರ ಕರುಗಳನ್ನು ಹಿಡಿಯುತ್ತದೆ. ಕರು ಕಾಯಿಲೆಯನ್ನು ಬಚ್ಚಿಡುತ್ತದೆ, ಜನ ಬಂದರೆ ತಲೆ ಎತ್ತಿ ನಿಲ್ಲುತ್ತದೆ. ಒಂದು ಪ್ರಾತ್ಯಕ್ಷಿಕೆಯಲ್ಲಿ ನಮ್ಮನ್ನು ಬೇಲಿಯಾಚೆ ಅಲ್ಲಾಡದೆ ನಿಲ್ಲಿಸಿದರು. ಮೇವು ಸುರಿದಾಗ ಎಲ್ಲವೂ ಮೇವಿನ ತೊಟ್ಟಿಗೆ ನುಗ್ಗಿದವು, ಒಂದು ಮಾತ್ರ ಹಿಂದೆ ಉಳಿಯಿತು. ಕಿವಿ ಜೋತಿದ್ದವು, ಎಡ ಪಕ್ಕೆಯ ಹಿಂದೆ ಗುಳಿ ಬಿದ್ದಿತ್ತು. ಚ್ಯೂಟ್‌ಗೆ (ದನವನ್ನು ಅಲ್ಲಾಡದಂತೆ ಹಿಡಿದು ನಿಲ್ಲಿಸುವ ಚೌಕಟ್ಟು) ತಂದು ಥರ್ಮಾಮೀಟರ್ ಇಟ್ಟರೆ 104 ಡಿಗ್ರಿ ದಾಟಿತ್ತು. ಎಷ್ಟು ವಿಡಿಯೋ ನೋಡಿದರೂ ಈ ಕಣ್ಣು ಬರುವುದಿಲ್ಲ.

ಮ್ಯಾನ್‌ಹಟನ್ ಊರಿನ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದವರು (ನ್ಯೂಯಾರ್ಕಿನ ಮ್ಯಾನ್‌ಹಟನ್ ಅಲ್ಲ, ಇದು ನಮ್ಮ ಕಡೆಯದು) ನಡೆಸುವ ಸ್ಟಾಕರ್ ಫೀಲ್ಡ್ ಡೇಯನ್ನು ತಪ್ಪಿಸಿಕೊಳ್ಳಬೇಡಿ. ಇಲ್ಲಿನ ಎತ್ತರದ ಹುಲ್ಲಿನಲ್ಲಿ ಜುಲೈ ಮಧ್ಯದ ಹೊತ್ತಿಗೆ ಪ್ರೋಟೀನ್ ಇಳಿದುಬಿಡುತ್ತದೆ. ಹಾಗಾಗಿ ಮೇ ತಿಂಗಳಿಂದ ಮಾಮೂಲಿಗಿಂತ ಎರಡರಷ್ಟು ಕರು ಬಿಟ್ಟು, ಜುಲೈ ಮಧ್ಯಕ್ಕೆ ಎಲ್ಲ ಸಾಗಿಸಿ, ಹುಲ್ಲಿಗೆ ಬಿಡುವು ಕೊಡುವ ಪದ್ಧತಿಯನ್ನು ಅವರೇ ಪ್ರಯೋಗ ಮಾಡಿ ಬೆಳೆಸಿದ್ದು. ಪಕ್ಕದ ರ‍್ಯಾಂಚ್‌ನವರ ಜೊತೆ ಮಾತಾಡುತ್ತಾ ಕಲಿಯುವುದೂ ಅಲ್ಲಿ ಬೇಕಾದಷ್ಟಿರುತ್ತದೆ.

ದುಡ್ಡು ಕೊಟ್ಟು ಸೇರಿದ ಇನ್ನೊಂದು ಕೋರ್ಸ್ ಮಾತ್ರ ನನಗೆ ಹಿಡಿಸಲಿಲ್ಲ. ಪೂರ್ತಿ ಲಾಭ-ನಷ್ಟದ ಲೆಕ್ಕವೇ, ಒಂದು ಕರುವನ್ನೂ ತೋರಿಸಲಿಲ್ಲ. ಕೊಂಡ ಬೆಲೆ, ಮಾರಿದ ಬೆಲೆಯ ಲೆಕ್ಕ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅರ್ಧ ಲೋಡ್ ಕಾಯಿಲೆ ಬಿದ್ದರೆ ಆ ಲೆಕ್ಕ ಏನಾಗುತ್ತದೆ, ಅಲ್ವಾ?

ಹೊಸಬರು ಬಿಕ್ಯೂಎಯನ್ನು ಆನ್‌ಲೈನ್‌ನಲ್ಲಿ ಮುಗಿಸಿ, ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ (ಕೃಷಿ ವಿಸ್ತರಣಾ) ಆಫೀಸಿನಲ್ಲಿ ಚ್ಯೂಟ್ ಪಕ್ಕದ ಪಾಠ ಯಾವಾಗ ಅಂತ ವಿಚಾರಿಸಿ. ಅದು ಶುರುವಾಗುವಷ್ಟರಲ್ಲಿ ಒಬ್ಬ ವೆಟ್‌ನ ಪರಿಚಯ ಮಾಡಿಕೊಂಡಿರಿ, ಔಷಧಿ ಚೀಟಿಗೆ ಅವರೇ ಬೇಕು.