ವಿ-ಕ್ರಾಸ್ ಅಂತ ಎಸ್-ಕ್ಯಾಬ್ ತೋರಿಸ್ತಾರೆ: ಆರ್‌ಸಿ ಹಿಂಬದಿ ನೋಡದೆ ಟೋಕನ್ ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ, ಕೊನೇವರೆಗೆ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ಓದಿ ಹೋಗಿ. ಮನೆ ಬಳಕೆಗೆ ಅಂತ ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ನೋಡ್ತಿದ್ದರೆ, ಆರ್‌ಸಿ ಕಾರ್ಡಿನ ಹಿಂಬದಿ ಕಣ್ಣಾರೆ ನೋಡೋವರೆಗೂ ಒಂದು ರೂಪಾಯಿ ಬಿಚ್ಚಬೇಡಿ. ಮುಂಬದಿ ಅಲ್ಲ, ಹಿಂಬದಿ. ಟೋಕನ್ ಅಡ್ವಾನ್ಸ್ ಅಂತ ನಮ್ಮದು 50 ಸಾವಿರ ಹೋಯ್ತು. ಅದರಲ್ಲಿ ವಾಪಸ್ ಬಂದದ್ದು 15 ಸಾವಿರ.

ಬೆಂಗಳೂರಿನ ಹೊರವಲಯದಲ್ಲಿ ಹಳೇ ಗಾಡಿ ಮಾರೋ ಒಂದು ಯಾರ್ಡು. ಜಾಹೀರಾತಲ್ಲಿ ಹಾಕಿದ್ದು ಹೀಗೆ: 2021 ಮಾಡೆಲ್, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ), ಸಿಂಗಲ್ ಓನರ್, ಎಸ್ಟೇಟ್ ಗಾಡಿ, ವೈಟ್ ಬೋರ್ಡ್, 12 ಲಕ್ಷ 75 ಸಾವಿರ. ಇಲ್ಲೇ ಗಂಟೆ ಹೊಡೀಬೇಕಿತ್ತು. ಆ ವರ್ಷದ ಒಳ್ಳೇ ವಿ-ಕ್ರಾಸ್ ಆ ಬೆಲೆಗೆ ಯಾರು ಕೊಡ್ತಾರೆ? ಆದರೆ "ಪಾರ್ಟಿ ಫಾರಿನ್ ಹೋಗ್ತಿದಾರೆ, ಅರ್ಜೆಂಟು" ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಗಂಟೆ ಯಾರಿಗೆ ಕೇಳಿಸುತ್ತೆ.

ತಪ್ಪು ಗಾಡಿಯದ್ದಲ್ಲ, ಅದನ್ನು ಸ್ಪಷ್ಟ ಮಾಡ್ತೀನಿ. ಒಂದೇ ಕಂಪನಿಯ ಡಬಲ್ ಕ್ಯಾಬ್‌ಗಳಲ್ಲಿ ಈ ಎರಡನ್ನು ನೋಡಿ. ವಿ-ಕ್ರಾಸ್ ಸ್ವಂತ ಬಳಕೆಗೆ ಅಂತ, ಬಿಳಿ ಬೋರ್ಡ್. ಎಸ್-ಕ್ಯಾಬ್ ಸಾಮಾನು ಸಾಗಿಸೋಕೆ ಅಂತ, ಹಳದಿ ಬೋರ್ಡ್. ಎರಡಕ್ಕೂ ಐದು ಸೀಟು, ನಾಲ್ಕು ಬಾಗಿಲು, ಹಿಂದೆ ಡೆಕ್ಕು. ಎರಡೂ ಅವುಗಳ ಕೆಲಸಕ್ಕೆ ಸರಿಯಾಗೇ ಇವೆ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಗ್ರಿಲ್ಲು, ಬಂಪರು, 18 ಇಂಚಿನ ಅಲಾಯ್, ಸೈಡ್ ಸ್ಟೆಪ್ಪು, ರೋಲ್ ಬಾರ್ ಹಾಕಿಬಿಟ್ಟರೆ ಹತ್ತಿರದಿಂದಲೂ ಅಣ್ಣತಮ್ಮಂದಿರೇ. ಹೊಸದರ ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ. ಆ ಅಂತರದಲ್ಲೇ ಈ ದಂಧೆ ನಡೆಯೋದು. ನಮಗೆ ತೋರಿಸಿದ್ದು ವೇಷ ಹಾಕಿದ ಎಸ್-ಕ್ಯಾಬ್.

ಗಾಡಿ ಮುಂದೆ ನಿಂತಾಗ ಸುಳಿವುಗಳು ಸಾಲಾಗಿ ನಿಂತಿದ್ದವು. ಈಗ ನೆನೆಸ್ಕೊಂಡರೆ ಮುಖ ಎಲ್ಲಿಡಬೇಕೋ ಗೊತ್ತಾಗಲ್ಲ.

ಒಂದು, ನಂಬರ್ ಪ್ಲೇಟು. ಸಾದಾ ಬಿಳಿ ಪ್ಲೇಟು, ಹೊಳೆಯೋ ಹೊಸ ಸ್ಕ್ರೂ. ಕೇಳಿದ್ದಕ್ಕೆ ಯಾರ್ಡಿನವನು "ಎಚ್‌ಎಸ್‌ಆರ್‌ಪಿ ಬುಕ್ ಆಗಿದೆ ಸಾರ್, ಇನ್ನೂ ಬಂದಿಲ್ಲ" ಅಂದ. ಅಯ್ಯಾ, 2019ರ ಏಪ್ರಿಲ್ 1ರ ನಂತರದ ಗಾಡಿಗೆ ಶೋರೂಮಿನಿಂದಲೇ ಹೈ ಸೆಕ್ಯುರಿಟಿ ನಂಬರ್ ಪ್ಲೇಟು, ಅಂದರೆ ಎಚ್‌ಎಸ್‌ಆರ್‌ಪಿ ಹಾಕಿ ಕೊಡ್ತಾರೆ. ಬುಕ್ ಮಾಡೋ ತಾಪತ್ರಯ ಅದಕ್ಕೂ ಹಿಂದಿನ ಗಾಡಿಗಳದ್ದು. 2021ರ ಗಾಡಿಗೆ ಸಾದಾ ಪ್ಲೇಟ್ ಇದೆ ಅಂದರೆ ಇದ್ದದ್ದನ್ನು ಕಿತ್ತಿದಾರೆ ಅಂತಲೇ ಅರ್ಥ. ಇದು ಗೊತ್ತಿದ್ದೂ ಆವತ್ತು ತಲೆಗೆ ಹತ್ತಲಿಲ್ಲ.

ಎರಡು, ಡೆಕ್ಕಿನ ಪಕ್ಕದಲ್ಲಿ ಎರಡು ಇಂಚು ಅಗಲದ ಒಂದು ಪಟ್ಟಿ, ಹಿಂದಿನ ಚಕ್ರದ ಮೇಲಿಂದ ಹಿಡಿದು ಟೇಲ್ ಲ್ಯಾಂಪಿನವರೆಗೆ. ಬಣ್ಣ ಅಲ್ಲ, ಅಂಟು. ಕೈಯಾಡಿಸಿದರೆ ಜಿಗುಟು, ಧೂಳು ಹಿಡಿದು ಕಪ್ಪಗಾಗಿತ್ತು. ಗೂಡ್ಸ್ ಗಾಡಿಗಳ ಪಕ್ಕಕ್ಕೆ ಹಳದಿ, ಹಿಂದಕ್ಕೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸ್ತಾರಲ್ಲ, ಅದನ್ನು ಕಿತ್ತ ಜಾಗ. ಅದಕ್ಕೆ ಬಂದ ಉತ್ತರ: "ಹಳೇ ಓನರ್ ಹುಡುಗನಿಗೆ ಸ್ಟಿಕ್ಕರ್ ಹುಚ್ಚು ಸಾರ್, ಡಿಸೈನ್ ಹಾಕ್ಸಿದ್ದ, ನಾವೇ ತೆಗೆಸಿದ್ವಿ." ಪಾಲಿಶ್ ಹೊಡೆದು ಕೊಡ್ತೀನಿ ಅಂತ ಬೇರೆ ಅಂದ. ನಾವು ತಲೆ ಆಡಿಸಿದ್ವಿ.

ಮೂರು, ಗೇರ್ ನಾಬಿಗೆ ಲೆದರ್ ಕವರ್. ನಂಬರೇ ಕಾಣಲ್ಲ. ಬಿಎಸ್ 6 (ಈಗಿನ ಹೊಗೆ ನಿಯಮದ) ವಿ-ಕ್ರಾಸ್ ಮ್ಯಾನುಯಲ್‌ಗೆ ಆರು ಗೇರು, ಎಸ್-ಕ್ಯಾಬ್‌ಗೆ ಐದು. ಟೆಸ್ಟ್ ಡ್ರೈವ್ ಅಂತ ಸರ್ವೀಸ್ ರೋಡಿನ ಟ್ರಾಫಿಕ್ಕಲ್ಲೇ ಓಡಾಡಿಸಿದ. ಫೋರ್ತ್ ದಾಟಲಿಲ್ಲ, 50 ದಾಟಲಿಲ್ಲ. ಹೈವೇಗೆ ಹಾಕೋಣ ಅಂದರೆ "ಇನ್ಶೂರೆನ್ಸ್ ಲ್ಯಾಪ್ಸ್ ಆಗಿದೆ ಸಾರ್, ಹೈವೇಲಿ ಹಿಡೀತಾರೆ." ಆಮೇಲೆ ಅರ್ಥ ಆಗಿದ್ದು: ಗೂಡ್ಸ್ ಗಾಡಿಗೆ 80ರ ಸ್ಪೀಡ್ ಗವರ್ನರ್ ಇರುತ್ತೆ. ಹೈವೇಗೆ ಹತ್ತಿದ್ದರೆ 80ಕ್ಕೆ ಮೂಗುದಾರ ಹಾಕಿದ ಹಾಗೆ ನಿಂತುಬಿಡೋದು.

ನಾಲ್ಕು, ಇದು ಎಲ್ಲಕ್ಕಿಂತ ಉರಿಸೋದು. ಟೇಲ್‌ಗೇಟ್ ಮೇಲೆ ಫೋರ್ ಬೈ ಫೋರ್ ಅಂತ ಸ್ಟಿಕ್ಕರ್. ಒಳಗೆ ಟೂ ಎಚ್ (ಎರಡು ಚಕ್ರ), ಫೋರ್ ಎಚ್, ಫೋರ್ ಎಲ್ (ನಾಲ್ಕೂ ಚಕ್ರ) ಅಂತ ತಿರುಗಿಸೋ ನಾಬೇ ಇಲ್ಲ. ಎಲ್ಲಿ ಅಂತ ಕೇಳಿದರೆ "ಇದು ಆಟೋಮ್ಯಾಟಿಕ್ ಫೋರ್ ಬೈ ಫೋರ್ ಸಾರ್, ಅದಷ್ಟಕ್ಕೆ ಅದೇ ಎಂಗೇಜ್ ಆಗುತ್ತೆ" ಅಂದ! ಕಣ್ಣು ಮಿಟುಕಿಸದೆ ಅಂದ. ಡಿ-ಮ್ಯಾಕ್ಸಿನ ಫೋರ್ ಬೈ ಫೋರ್ ಪಾರ್ಟ್ ಟೈಮ್ ಸಿಸ್ಟಮ್, ನಾವೇ ಹಾಕಬೇಕು, ನಾವೇ ತೆಗೀಬೇಕು. ಒಣ ಡಾಂಬರಿನ ಮೇಲೆ ಹಾಕಿಕೊಂಡು ತಿರುವಿನಲ್ಲಿ ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತೆ. ಅಂಥದ್ದು ಅದಷ್ಟಕ್ಕೆ ಅದೇ ಬೀಳೋಕೆ ಅದೇನು ಮಿಕ್ಸಿಯಾ? ಬಗ್ಗಿ ಮುಂದಿನ ಚಕ್ರಗಳ ನಡುವೆ ನೋಡಿದ್ದರೆ ಮುಗೀತಿತ್ತು. ಫೋರ್ ಬೈ ಫೋರ್ ಆದರೆ ಮಧ್ಯದಲ್ಲಿ ಡಿಫರೆನ್ಷಿಯಲ್ ಗುಂಡು, ಅದರಿಂದ ಎರಡೂ ಚಕ್ರಕ್ಕೆ ಶಾಫ್ಟು, ರಬ್ಬರ್ ಬೂಟು ಕಾಣುತ್ತೆ. ಇಲ್ಲಿ ಏನೂ ಇಲ್ಲ, ಖಾಲಿ. ಬಗ್ಗಲಿಲ್ಲ. ಬಿಳಿ ಪ್ಯಾಂಟು ಕೊಳೆಯಾಗುತ್ತೆ ಅಂತ ಬಗ್ಗಲಿಲ್ಲ.

ಆರ್‌ಸಿ? ವಾಟ್ಸಾಪಲ್ಲಿ ಕಳಿಸಿದ್ದ. ಮುಂಬದಿ ಮಾತ್ರ. ನಂಬರು, ಚಾಸಿ ನಂಬರು, ಇಂಜಿನ್ ನಂಬರು, ಓನರ್ ಹೆಸರು ಎಲ್ಲ ಸರಿ ಇತ್ತು. ವೆಹಿಕಲ್ ಕ್ಲಾಸು, ಮಾಡೆಲ್ ಹೆಸರು, ಸಿಸಿ, ತೂಕ ಇರೋದು ಹಿಂಬದಿ. "ಒರಿಜಿನಲ್ ಪಾರ್ಟಿ ಹತ್ರ ಇದೆ, ಡೆಲಿವರಿ ದಿನ ಕೊಡ್ತೀವಿ." ಸಿಸಿ ಎಷ್ಟು ಅಂತ ಕೇಳಿದ್ದಕ್ಕೆ ಅವನ ಉತ್ತರ ಕೇಳಿ: "ಇದು 2.5 ಸಾರ್, ದೊಡ್ಡ ಇಂಜಿನ್. ಈಗ ಬರೋದು ಬರೀ 1.9, ದಮ್ಮಿಲ್ಲ." ಇದು ಕೇಳಿ ಖುಷಿ ಆಗಿತ್ತು ನೋಡಿ, ಅದೇ ಅವಮಾನ. ಬಿಎಸ್ 6 ಬಂದ ಮೇಲೆ ವಿ-ಕ್ರಾಸ್‌ಗೆ ಬರೋದು 1.9 ಲೀಟರಿನ ಇಂಜಿನ್ನೇ, 163 ಪಿಎಸ್ (ಪಿಎಸ್ ಅಂದರೆ ಹೆಚ್ಚುಕಮ್ಮಿ ಎಚ್‌ಪಿನೇ), ಟಾರ್ಕ್ 360 ಎನ್‌ಎಂ. ಎಸ್-ಕ್ಯಾಬಿನ 2.5ರದ್ದು 78 ಪಿಎಸ್. ಅರ್ಧಕ್ಕಿಂತ ಕಮ್ಮಿ! ಅಂದರೆ 2021ರ ಗಾಡಿ, 2.5 ಇಂಜಿನ್ ಅಂತ ಅವನೇ ಬಾಯಿ ಬಿಟ್ಟು ಇದು ಎಸ್-ಕ್ಯಾಬ್ ಅಂತ ಹೇಳಿದ್ದ. ನಾವು ಅದಕ್ಕೇ 50 ಸಾವಿರ ಕೊಟ್ವಿ. ಬಿಎಸ್ 4 ಕಾಲದ ಮ್ಯಾನುಯಲ್ ವಿ-ಕ್ರಾಸ್ ಆದರೆ 2.5 ಇರುತ್ತೆ, ಐದು ಗೇರು ಇರುತ್ತೆ, ಅದು ನಿಜ. ಆದರೆ ಅದೂ 134 ಎಚ್‌ಪಿ ಹತ್ತಿರದ ಇಂಜಿನ್ನು, 78ರದ್ದಲ್ಲ. ಅಂಥ ಹಳೇದು ನೋಡೋರು ಗೇರು ಎಣಿಸಿ ಪ್ರಯೋಜನ ಇಲ್ಲ, ನಾಬು, ಮುಂದಿನ ಡಿಫರೆನ್ಷಿಯಲ್, ಆರ್‌ಸಿ ಮೂರೇ ಗತಿ.

ಗೊತ್ತಾಗಿದ್ದು ಇನ್ಶೂರೆನ್ಸ್ ಕೊಟೇಶನ್ ಕೇಳಿದಾಗ. ಏಜೆಂಟು ನಂಬರ್ ಹಾಕಿ ಎರಡು ನಿಮಿಷ ಸುಮ್ಮನಿದ್ದ. ಆಮೇಲೆ ಫೋನಲ್ಲಿ: "ಸಾರ್, ಇದು ಜಿಸಿವಿ ಅಂತ ಬರ್ತಿದೆಯಲ್ಲ. ಥರ್ಡ್ ಪಾರ್ಟಿನೇ 16,049. ನೀವು ಕಾರ್ ಅಂದ್ರಲ್ಲ?" ಜಿಸಿವಿ ಅಂದರೆ ಗೂಡ್ಸ್ ಕ್ಯಾರಿಯಿಂಗ್ ವೆಹಿಕಲ್. 1500 ಸಿಸಿ ಮೇಲಿನ ಸ್ವಂತ ಕಾರಿಗೆ ಅದೇ ಥರ್ಡ್ ಪಾರ್ಟಿ 7,897. ಜಿಎಸ್‌ಟಿ ಬೇರೆ. ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದರೆ ಅಲ್ಲೂ ರಾಜಾರೋಷವಾಗಿ ಗೂಡ್ಸ್ ಕ್ಯಾರಿಯರ್. ಅರ್ಧ ನಿಮಿಷದ ಕೆಲಸ. ಟೋಕನ್ ಕೊಡೋ ಮುಂಚೆ ಮಾಡಬೇಕಾದದ್ದು ಕೊಟ್ಟ ಮೇಲೆ ಮಾಡಿದ್ದು.

ಫೋನ್ ಮಾಡಿದರೆ ಬಂದ ಉತ್ತರಗಳು, ಒಂದಾದ ಮೇಲೆ ಒಂದು:

"ಸಾರ್, ನೀವು ನೋಡ್ಕೊಂಡೇ ತಾನೇ ಟೋಕನ್ ಹಾಕಿದ್ದು?"

"ಎಲ್ಲೋ ಆರ್‌ಟಿಓ ಡೇಟಾ ಎಂಟ್ರಿ ಮಿಸ್ಟೇಕ್ ಆಗಿರುತ್ತೆ ಸಾರ್."

"ಬೋರ್ಡ್ ಯಾವ್ದಾದ್ರೇನು ಸಾರ್, ಓಡಿಸೋದು ನೀವೇ ತಾನೇ?"

"35 ಸಾವಿರ ಕೊಡಿ, ಎರಡು ದಿನದಲ್ಲಿ ವೈಟ್ ಬೋರ್ಡ್ ಮಾಡಿಸ್ಕೊಡ್ತೀನಿ, ಒಳಗೆ ನಮ್ಮೋರಿದಾರೆ."

"ಟೋಕನ್ ನಾನ್ ರಿಫಂಡಬಲ್ ಸಾರ್. ಒಂದು ವಾರ ಗಾಡಿ ನಿಮಗೆ ಅಂತ ಹಿಡಿದಿಟ್ಟಿದ್ವಿ, ನಾಲ್ಕು ಪಾರ್ಟಿ ವಾಪಸ್ ಕಳಿಸಿದ್ವಿ."

ಕೊನೆಗೆ ಪಾಲಿಶ್ ಚಾರ್ಜು, ಯಾರ್ಡ್ ಚಾರ್ಜು ಅಂತ ಕಳೆದು 15 ಸಾವಿರ ಹಾಕಿದ. ಪಾಲಿಶ್ ಚಾರ್ಜಂತೆ. ಆ ಅಂಟು ಒರೆಸಿದ್ದಕ್ಕೆ!

ವೈಟ್ ಬೋರ್ಡ್ ಮಾಡಿಸ್ಕೊಡ್ತೀನಿ ಅನ್ನೋ ಮಾತಿಗೆ ಮರುಳಾಗಬೇಡಿ. ಟ್ಯಾಕ್ಸಿ ಕಾರನ್ನು ವ್ಯತ್ಯಾಸದ ಟ್ಯಾಕ್ಸ್ ಕಟ್ಟಿ ಸ್ವಂತಕ್ಕೆ ಬದಲಾಯಿಸೋ ದಾರಿ ಬೇರೆ. ಗೂಡ್ಸ್ ಅಂತಲೇ ಅಪ್ರೂವಲ್ ಆದ ಮಾಡೆಲ್ಲನ್ನು ಏಜೆಂಟು ಜೇಬಿನಿಂದ ಕಾರು ಮಾಡಿ ತೆಗೆಯೋಕಾಗಲ್ಲ. ಆಗುತ್ತೆ ಅನ್ನೋನು ಮೊದಲು ಮಾಡಿಸಿ, ಆಮೇಲೆ ಮಾರಲಿ. ಕರ್ನಾಟಕದಲ್ಲಿ ಸ್ವಂತ ಗಾಡಿಯ ಲೈಫ್ ಟ್ಯಾಕ್ಸು 10ರಿಂದ 20 ಲಕ್ಷದ ಗಾಡಿಗೆ 17 ಪರ್ಸೆಂಟ್, 20ರ ಮೇಲೆ 18, ಮೇಲೆ ಸೆಸ್. ವೈಟ್ ಬೋರ್ಡ್ ಪಿಕಪ್ ದುಬಾರಿ ಆಗೋಕೆ ಅದೂ ಒಂದು ಕಾರಣ. ಅದನ್ನು 35 ಸಾವಿರದಲ್ಲಿ ಹಾರಿಸ್ತೀನಿ ಅನ್ನೋನನ್ನು ಹೇಗೆ ನಂಬೋದು.

ಹಳದಿ ಬೋರ್ಡಾದರೆ ಏನಂತೆ, ಅಗ್ಗಕ್ಕೆ ಸಿಕ್ಕಿದರೆ ತಗೋಬಹುದಲ್ಲ ಅಂತ ಕೆಲವರು ಕೇಳ್ತಾರೆ. ತೋಟಕ್ಕೆ, ಅಂಗಡಿಗೆ ಆದರೆ ಖಂಡಿತ ತಗೊಳ್ಳಿ. ದಿನಾ ಮಕ್ಕಳನ್ನು ಸ್ಕೂಲಿಗೆ ಬಿಡೋಕೆ, ಹಬ್ಬಕ್ಕೆ ಊರಿಗೆ ಹೋಗೋಕೆ ಬೇಡ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟು, ಅಂದರೆ ಎಫ್‌ಸಿ. 80ರ ಗವರ್ನರ್. ಟೋಲಲ್ಲಿ ಲಘು ವಾಣಿಜ್ಯ ಗಾಡಿಯ, ಅಂದರೆ ಎಲ್‌ಸಿವಿ ದರ. ನ್ಯಾಷನಲ್ ಹೈವೇಯ ಮೂಲ ದರದಲ್ಲಿ ಕಾರಿಗೆ ಕಿಲೋಮೀಟರಿಗೆ 65 ಪೈಸೆ ಇದ್ದರೆ ಎಲ್‌ಸಿವಿಗೆ 1 ರೂಪಾಯಿ 5 ಪೈಸೆ, ಅಂದರೆ ಕಾರಿನವನು 100 ಕೊಟ್ಟಲ್ಲಿ ನೀವು ಸುಮಾರು 160. ಫಾಸ್ಟ್ಯಾಗ್ ವಾರ್ಷಿಕ ಪಾಸು ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ, ನಿಮಗಿಲ್ಲ. ಅಪಘಾತ ಆದರೆ ಗೂಡ್ಸ್ ಪಾಲಿಸಿಯಲ್ಲಿ ಹಿಂದಿನ ಸೀಟಲ್ಲಿದ್ದ ಹೆಂಡತಿ ಮಕ್ಕಳ ಲೆಕ್ಕ ಹೇಗೆ ಅನ್ನೋದು ದೊಡ್ಡ ಜಗಳ. ಲೋಡಿಗೆ ಅಂತ ಬಿಗಿ ಮಾಡಿದ ಲೀಫ್ ಸ್ಪ್ರಿಂಗು, ಖಾಲಿ ಓಡಿಸಿದರೆ ಪ್ರತಿ ಹಂಪಿನಲ್ಲೂ ಹಿಂದಿನವರ ತಲೆ ಮೇಲೆ ಹೋಗಿ ಕೆಳಗೆ ಬರುತ್ತೆ. ಈ ಗಾಡಿಗಂತೂ ಹಿಂದೆ ಒಂದು ಪ್ಲೇಟ್ ಜಾಸ್ತಿನೇ ಹಾಕಿಸಿದ್ದರು, ಯೂ ಬೋಲ್ಟ್ ಮಾತ್ರ ಹೊಸದು, ಉಳಿದದ್ದೆಲ್ಲ ತುಕ್ಕು. ಟೋಕನ್ ವಾಪಸ್ ಕೇಳೋಕೆ ಹೋದ ದಿನ ಕಂಡದ್ದು ಇದು.

ಅಸಲಿ ವೈಟ್ ಬೋರ್ಡ್ ಪಿಕಪ್ ತಗೊಳ್ಳೋರಿಗೂ ಒಂದೆರಡು ಮಾತು. ವಿ-ಕ್ರಾಸ್ ಆಗಲಿ ಟೊಯೋಟಾ ಹೈಲಕ್ಸ್ ಆಗಲಿ 5.3 ಮೀಟರ್ ಉದ್ದ. ಅಪಾರ್ಟ್‌ಮೆಂಟಿನ 5 ಮೀಟರ್ ಪಾರ್ಕಿಂಗಲ್ಲಿ ಮೂತಿನೋ ಬಾಲನೋ ಹೊರಗೆ. ಬಿಎಸ್ 6 ಡೀಸೆಲ್‌ಗೆ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇದೆ, ಬರೀ ಮೂರ್ನಾಲ್ಕು ಕಿಲೋಮೀಟರಿನ ಸ್ಕೂಲು, ಮಾರ್ಕೆಟ್ಟು ಓಡಾಟಕ್ಕೆ ಅದು ಬಿಸಿಯಾಗಲ್ಲ, ಮಸಿ ಸುಡಲ್ಲ, ಕಟ್ಟಿಕೊಳ್ಳುತ್ತೆ. ಆಗಾಗ ಹೈವೇಲಿ 60ರ ಮೇಲೆ ಇಪ್ಪತ್ತು ನಿಮಿಷ ಬಿಡದೆ ಓಡಿಸೋ ಬಳಕೆ ಇದ್ದರೆ ಮಾತ್ರ ತಗೊಳ್ಳಿ. ಸೆಕೆಂಡ್ ಹ್ಯಾಂಡಲ್ಲಿ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ನೋಡಿ. ಡಿಪಿಎಫ್ ಸರಿ ಇದ್ದರೆ ಬೆರಳು ಹೆಚ್ಚುಕಮ್ಮಿ ಚೊಕ್ಕಟವಾಗೇ ಬರುತ್ತೆ. ಕಾಡಿಗೆ ಹಚ್ಚಿದ ಹಾಗೆ ಬಂದರೆ ಡಿಪಿಎಫ್ ಒಡೆದಿದೆ, ಇಲ್ಲ ಕಿತ್ತು ಖಾಲಿ ಪೈಪ್ ವೆಲ್ಡ್ ಮಾಡಿದಾರೆ. ದೆಹಲಿ ಕಡೆಯ ಡೀಸೆಲ್ ಆದರೆ ಹತ್ತು ವರ್ಷದ ಮಿತಿಯ ಭಯಕ್ಕೇ ಇತ್ತ ತಳ್ಳಿರಬಹುದು, ಎನ್‌ಒಸಿ ಜೊತೆಗೆ ಇಲ್ಲಿನ ಲೈಫ್ ಟ್ಯಾಕ್ಸ್ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿಸಿ.

ಟೋಕನ್ ಕೊಡಲೇಬೇಕಾದರೆ ಐದು ಸಾವಿರದ ಮೇಲೆ ಬೇಡ. ಯುಪಿಐ ಮಾಡುವಾಗ ನೋಟ್ ಜಾಗದಲ್ಲಿ "ವಿ-ಕ್ರಾಸ್, ವೈಟ್ ಬೋರ್ಡ್, ಫೋರ್ ಬೈ ಫೋರ್" ಅಂತ ಬರೆದೇ ಕಳಿಸಿ. ನಮ್ಮ ರಸೀದಿ ಅವನ ವಿಸಿಟಿಂಗ್ ಕಾರ್ಡಿನ ಹಿಂದೆ, "ಟೋಕನ್ 50 ಸಾವಿರ" ಅಂತಷ್ಟೇ. ಯಾವ ಗಾಡಿ ಅಂತ ಇಲ್ಲ, ನಂಬರ್ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಹೋಗಿದೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಇದ್ದದ್ದೇ ಪುಣ್ಯ.

ಆ ಗಾಡಿ ಇನ್ನೂ ಮಾರಾಟಕ್ಕಿದೆ. ಬೂದು ಬಣ್ಣ, ಕಪ್ಪು ರೋಲ್ ಬಾರ್. ಮೊನ್ನೆ ಹೊಸ ಫೋಟೋ ಹಾಕಿದಾನೆ. ಬೆಲೆ 12 ಲಕ್ಷ 40 ಮಾಡಿದಾನೆ, ಡೆಕ್ಕಿನ ಪಕ್ಕದ ಅಂಟಿನ ಗುರುತಿನ ಮೇಲೆ ಈಗ ಒಂದು ಕಪ್ಪು ಡಿಸೈನ್ ಸ್ಟಿಕ್ಕರ್ ಅಂಟಿಸಿದಾನೆ.