ಫ್ರಾಂಚೈಸಿಗೆ ಸಹಿ ಹಾಕುವ ಮುನ್ನ ಪಗಾರದ ಲೆಕ್ಕ ಹಾಕಿರಿ: ಬಾಗಲಕೋಟೆಯಿಂದ ಒಂದು ಎಚ್ಚರಿಕೆ

2024ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ವಿದ್ಯಾಗಿರಿಯ ನಮ್ಮ ಅಂಗಡಿಯಲ್ಲಿ ಮೊದಲ ದಿನದಿಂದಲೂ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಹುಡುಗ ಕೈ ಒರೆಸಿಕೊಂಡು ಬಂದು ತನ್ನ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟನು. ಅವನ ತಾಯಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಪಿ.ಎಫ್.ನಿಂದ (ಭವಿಷ್ಯ ನಿಧಿಯಿಂದ) ಮುಂಗಡ ತೆಗೆಯಬಹುದೇ ಎಂದು ನೋಡಲು ಪಾಸ್‌ಬುಕ್ ತೆರೆದಿದ್ದನು. ಮಾರ್ಚ್ ತಿಂಗಳ ಪಗಾರದ ನಂತರ ಅದರಲ್ಲಿ ಒಂದು ಜಮೆಯೂ ಇರಲಿಲ್ಲ. "ಅಕ್ಕಾರ, ಪಗಾರದಾಗ ತಿಂಗಳಾ ಹಿಡದೀರಿ, ಇದರಾಗ ಯಾಕ ಕಾಣವಲ್ದು?" ಎಂದು ಕೇಳಿದನು. ಅವನ 13,500 ರೂಪಾಯಿ ಪಗಾರದಿಂದ ತಿಂಗಳಿಗೆ 1,620 ರೂಪಾಯಿಯಂತೆ ನಾಲ್ಕು ತಿಂಗಳು ಹಿಡಿದದ್ದು ನಿಜ, ಅದನ್ನು ಕಟ್ಟದೆ ಅಂಗಡಿಯ ಬಾಡಿಗೆಗೂ ಸಾಮಾನಿಗೂ ಬಳಸಿಕೊಂಡದ್ದೂ ನಿಜ. ಆ ಕ್ಷಣದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಅಲ್ಲಿಗೆ ನಾನು ಹೇಗೆ ತಲುಪಿದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕಳೆದ ವರ್ಷದಲ್ಲಿ ನನಗೆ ಪರಿಚಯವಿರುವ ಮೂರು ಮನೆಗಳವರು ಇದೇ ಬಗೆಯ ಫ್ರಾಂಚೈಸಿ ಒಪ್ಪಂದಗಳನ್ನು ಕೈಯಲ್ಲಿ ಹಿಡಿದುಕೊಂಡು ಸಲಹೆ ಕೇಳಲು ಬಂದಿದ್ದಾರೆ.

ಆಲಮಟ್ಟಿ ಹಿನ್ನೀರಿಗೆ ಹೋದ ಜಮೀನಿನ ಪರಿಹಾರದ ಹಣದಲ್ಲಿ ನಮ್ಮ ತಂದೆಯವರು ಉಳಿಸಿ ಇಟ್ಟಿದ್ದ ಪಾಲು ಮತ್ತು ಬ್ಯಾಂಕಿನ ಸಾಲ, ಇವೆರಡನ್ನೂ ಸೇರಿಸಿ 2022ರ ಆಗಸ್ಟ್‌ನಲ್ಲಿ ನಾನು ಹೊರಗಿನ ಊರಿನ ಒಂದು ಚಹಾ-ತಿಂಡಿ ಸರಣಿಯ ಫ್ರಾಂಚೈಸಿ, ಅಂದರೆ ಅವರ ಹೆಸರಿನಲ್ಲಿ ಅಂಗಡಿ ನಡೆಸುವ ಹಕ್ಕು, ತೆಗೆದುಕೊಂಡೆ. ಕಂಪನಿಯ ಪ್ರತಿನಿಧಿ ನವನಗರದ ನಮ್ಮ ಮನೆಗೇ ಬಂದು, ಪಡಸಾಲೆಯಲ್ಲಿ ತಂದೆಯವರ ಎದುರು ಕುಳಿತು, ಲಾಭದ ಅಂದಾಜಿನ ಹಾಳೆಯೊಂದನ್ನು ಬಿಡಿಸಿ ತೋರಿಸಿದ್ದರು. ಅದರಲ್ಲಿ ತಿಂಗಳ ವ್ಯಾಪಾರ 6 ಲಕ್ಷ, ಪಗಾರ 88 ಸಾವಿರ ಎಂದಿತ್ತು, ಅಂದರೆ ತಲಾ 11 ಸಾವಿರದಂತೆ ಎಂಟು ಜನ. ವ್ಯಾಪಾರದ ಅಂದಾಜು ಸುಳ್ಳಾಗಲಿಲ್ಲ, ಕಾಲೇಜು ನಡೆಯುವ ತಿಂಗಳುಗಳಲ್ಲಿ 6 ಲಕ್ಷ ದಾಟಿದ್ದೂ ಇದೆ. ಸುಳ್ಳಾದದ್ದು ಪಗಾರದ ಸಾಲು.

ಅಂಗಡಿ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ವಾರದ ಏಳೂ ದಿನ ತೆರೆದಿರಬೇಕು ಎಂಬುದು ಒಪ್ಪಂದದ ಷರತ್ತು. ಹದಿನಾಲ್ಕು ಗಂಟೆಯಂತೆ ಏಳು ದಿನಕ್ಕೆ 98 ಗಂಟೆಗಳಾಗುತ್ತವೆ. ಕಾನೂನಿನ ಪ್ರಕಾರ ಒಬ್ಬ ನೌಕರನಿಂದ ವಾರಕ್ಕೆ 48 ಗಂಟೆ ದುಡಿಸಬಹುದು, ಅದಕ್ಕಿಂತ ಹೆಚ್ಚಾದರೆ ದುಪ್ಪಟ್ಟು ದರದಲ್ಲಿ ಓವರ್‌ಟೈಮ್ ಕೊಡಬೇಕು. ಹೀಗಾಗಿ ಒಲೆಯ ಮುಂದೆ ಒಬ್ಬರು ಸದಾ ಇರಬೇಕೆಂದರೆ ಆ ಒಂದು ಜಾಗಕ್ಕೆ ಇಬ್ಬರು ಬೇಕು, ರಜೆಗೆ ಬದಲಿಯವರು ಬೇರೆ. ಐದು ಜಾಗಗಳಿದ್ದ ನಮ್ಮ ಅಂಗಡಿಗೆ ಹನ್ನೊಂದು ಜನ ಬೇಕಾದರು. ಹಾಳೆಯಲ್ಲಿದ್ದ ಎಂಟು ಜನರಿಂದ ಅಂಗಡಿ ನಡೆಯಬೇಕಾದರೆ ಪ್ರತಿಯೊಬ್ಬರೂ ದಿನಕ್ಕೆ ಹತ್ತು-ಹನ್ನೊಂದು ಗಂಟೆ, ಓವರ್‌ಟೈಮ್ ಇಲ್ಲದೆ ನಿಲ್ಲಬೇಕಿತ್ತು. ಪ್ರತಿನಿಧಿಗೆ ಅದು ತಿಳಿಯದ ವಿಷಯವಾಗಿರಲಿಲ್ಲ ಎಂದೇ ನನ್ನ ನಂಬಿಕೆ.

ಕನಿಷ್ಠ ವೇತನಕ್ಕೆ ಹೊಂದುವಂತೆ ತಲಾ 13,500 ಹಿಡಿದರೆ ಹನ್ನೊಂದು ಜನರಿಗೆ 1,48,500 ರೂಪಾಯಿ. ಅದರ ಮೇಲೆ ನೌಕರರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಮಾಲೀಕರ ಪಾಲು ಶೇ. 3.25, ಪಿ.ಎಫ್. ಅನ್ವಯವಾದರೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಬೋನಸ್ ಅನ್ವಯವಾದರೆ ಕನಿಷ್ಠ ಶೇ. 8.33, ಅಂದರೆ ವರ್ಷಕ್ಕೆ ಸರಿಸುಮಾರು ಒಂದು ತಿಂಗಳ ಪಗಾರ. ಇವೆಲ್ಲ ಸೇರಿದಾಗ ತಿಂಗಳಿಗೆ ಸುಮಾರು 1.85 ಲಕ್ಷ. ಹಾಳೆಯ 88 ಸಾವಿರಕ್ಕೂ ಇದಕ್ಕೂ ಇರುವ 97 ಸಾವಿರದ ಅಂತರವು ಅವರು ತೋರಿಸಿದ್ದ ಲಾಭಕ್ಕಿಂತ ದೊಡ್ಡದು.

ಕಂಪನಿಯ ಹೆಸರು ಬಳಸುವುದಕ್ಕೆ ಪ್ರತಿ ತಿಂಗಳು ಕೊಡುವ ರಾಯಲ್ಟಿಯ ವಿಷಯದಲ್ಲಿಯೂ ನಾನು ಸರಿಯಾಗಿ ಓದಿರಲಿಲ್ಲ. ರಾಯಲ್ಟಿ ಶೇ. 6, ಜಾಹೀರಾತು ನಿಧಿ ಶೇ. 2, ಎರಡೂ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ಅವುಗಳ ಮೇಲೆ ಶೇ. 18 ಜಿ.ಎಸ್.ಟಿ. ಬೇರೆ ವ್ಯಾಪಾರಗಳಲ್ಲಿ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ಮರಳಿ ಪಡೆಯಬಹುದು, ಆದರೆ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ನಮ್ಮಂಥ ತಿಂಡಿಯಂಗಡಿಗಳಿಗೆ ಆ ಸೌಲಭ್ಯವಿಲ್ಲ. ಶೇ. 8 ಎಂದು ಕಂಡದ್ದು ಕೈಯಿಂದ ಹೋಗುವಾಗ ಶೇ. 9.44 ಆಗುತ್ತದೆ. ಆ್ಯಪ್‌ಗಳ ಮೂಲಕ ಬಂದ ಆರ್ಡರಿನಲ್ಲಿ ಇದು ಇನ್ನೂ ಕಠಿಣ. ರಿಯಾಯಿತಿ ಮತ್ತು ಕಮಿಷನ್ ಕಳೆದು 200 ರೂಪಾಯಿಯ ತಿಂಡಿಗೆ ನನಗೆ 132 ರೂಪಾಯಿ ಬಂದ ದಿನಗಳಿವೆ, ಆಗಲೂ ರಾಯಲ್ಟಿ ಹಿಡಿದದ್ದು 200ರ ಮೇಲೆಯೇ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ದಿನಾಂಕಗಳು. ರಾಯಲ್ಟಿಯನ್ನು ಪ್ರತಿ ತಿಂಗಳ 3ರಂದು ನನ್ನ ಖಾತೆಯಿಂದ ತಾನಾಗಿಯೇ ಕಡಿತ ಮಾಡಿಕೊಳ್ಳಲು ಸಹಿ ಹಾಕಿ ಕೊಟ್ಟಿದ್ದೆ. 5ಕ್ಕೆ ಸಾಲದ ಕಂತು. 7ರೊಳಗೆ ಪಗಾರ ಕೊಡಬೇಕು, 15ರೊಳಗೆ ಪಿ.ಎಫ್. ಮತ್ತು ಇ.ಎಸ್.ಐ. ಕಟ್ಟಬೇಕು, 20ಕ್ಕೆ ಜಿ.ಎಸ್.ಟಿ. ಕೇಳದೆ ತೆಗೆದುಕೊಳ್ಳುವ ಅಧಿಕಾರ ಇದ್ದದ್ದು ಮೊದಲ ಇಬ್ಬರಿಗೆ ಮಾತ್ರ. ಆದ್ದರಿಂದ ಹಣ ಕಡಿಮೆ ಬಿದ್ದ ತಿಂಗಳುಗಳಲ್ಲೆಲ್ಲ ಕಾಯಬೇಕಾಗಿ ಬಂದದ್ದು ದುಡಿದವರು.

2023ರ ಜೂನ್‌ನಲ್ಲಿ, ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಎಂಬ ಮಾತಿಗೆ ಒಪ್ಪಿ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಎರಡನೆಯ ಅಂಗಡಿ ತೆರೆದೆ. ಅಲ್ಲಿ ಹತ್ತು ಜನರಿದ್ದರು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಪಿ.ಎಫ್. ಕಡ್ಡಾಯ ಎಂಬುದು ನನಗೆ ಗೊತ್ತಿತ್ತು, ಆದರೆ ಬೇರೆ ಊರು, ಬೇರೆ ಪರವಾನಗಿ, ಆದ್ದರಿಂದ ಲೆಕ್ಕವೂ ಬೇರೆ ಎಂದು ತಿಳಿದಿದ್ದೆ. ಆಗ ಅನ್ವಯಿಸುತ್ತಿದ್ದ 1952ರ ಪಿ.ಎಫ್. ಕಾಯ್ದೆಯ 2ಎ ಕಲಮು ಇದಕ್ಕೆ ನೇರ ವಿರುದ್ಧವಾಗಿತ್ತು: ಒಂದೇ ಸಂಸ್ಥೆಯ ಶಾಖೆಗಳು ಯಾವ ಊರಿನಲ್ಲಿದ್ದರೂ ಅವೆಲ್ಲ ಒಂದೇ. ಹನ್ನೊಂದು ಮತ್ತು ಹತ್ತು ಸೇರಿ ಇಪ್ಪತ್ತೊಂದು ಆಯಿತು. ಸಂಜೆ ಮಾತ್ರ ಬರುತ್ತಿದ್ದ ಕಾಲೇಜು ಹುಡುಗರೂ ಆ ಎಣಿಕೆಯಲ್ಲಿ ಸೇರುತ್ತಾರೆ. ಒಮ್ಮೆ ಅನ್ವಯವಾದ ಮೇಲೆ ಜನ ಇಪ್ಪತ್ತಕ್ಕಿಂತ ಕಡಿಮೆಯಾದರೂ ಕಾಯ್ದೆ ಬಿಡುವುದಿಲ್ಲ.

ಇದು ತಿಳಿದದ್ದು ಏಳು ತಿಂಗಳ ನಂತರ, 2024ರ ಜನವರಿಯಲ್ಲಿ, ಹೊಸ ಲೆಕ್ಕಪರಿಶೋಧಕರು ಕಡತ ನೋಡಿದಾಗ. ಹಿಂದಿನ ತಿಂಗಳುಗಳ ನೌಕರರ ಪಾಲನ್ನು ಈಗಿನ ಪಗಾರದಿಂದ ಹಿಡಿಯುವಂತಿಲ್ಲ, ಎರಡೂ ಪಾಲುಗಳನ್ನು ಮಾಲೀಕರೇ ತುಂಬಬೇಕು. ಬಡ್ಡಿ ಸೇರದೆಯೇ 4.96 ಲಕ್ಷ ರೂಪಾಯಿ ಆಯಿತು. ತಡವಾದ ಮೊತ್ತಕ್ಕೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ದಂಡದ ರೂಪದ ಪರಿಹಾರ ಪ್ರತ್ಯೇಕ. ಕಂಪನಿಯವರಿಗೆ ಫೋನು ಮಾಡಿದಾಗ ಅವರು ಒಪ್ಪಂದದ ಒಂದು ಸಾಲನ್ನು ಓದಿ ಹೇಳಿದರು: ನೌಕರರಿಗೆ ಸಂಬಂಧಿಸಿದ ಸಮಸ್ತ ಹೊಣೆ ಫ್ರಾಂಚೈಸಿ ಪಡೆದವರದು. ಸಮವಸ್ತ್ರ ಯಾವುದು, ಎಷ್ಟು ಹೊತ್ತಿಗೆ ಬಾಗಿಲು ತೆರೆಯಬೇಕು, ಗಿರಾಕಿಗೆ ಏನೆಂದು ನಮಸ್ಕಾರ ಹೇಳಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಅವರು.

ಆ ಬಾಕಿಯ ಕಂತು ಕಟ್ಟುತ್ತಿರುವಾಗಲೇ ಬೇಸಿಗೆ ಬಂತು. ಏಪ್ರಿಲ್-ಮೇ ತಿಂಗಳಲ್ಲಿ ವಿದ್ಯಾಗಿರಿಯ ಹಾಸ್ಟೆಲುಗಳು ಖಾಲಿಯಾಗುತ್ತವೆ, ನಮ್ಮ ಭಾಗದ ಬಿಸಿಲಿಗೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ರಸ್ತೆಯಲ್ಲಿ ಜನ ಕಾಣುವುದಿಲ್ಲ. ವ್ಯಾಪಾರ 3.4 ಲಕ್ಷಕ್ಕೆ ಇಳಿಯಿತು. ಆಗ ನಾನು ಮಾಡಿದ ತಪ್ಪನ್ನೇ ಈ ಬರಹದ ಮೊದಲಲ್ಲಿ ಹೇಳಿದ್ದೇನೆ. ಮುಂದಿನ ತಿಂಗಳು ಕಟ್ಟಿದರಾಯಿತು ಎಂದುಕೊಂಡು, ಇಪ್ಪತ್ತೊಂದು ಜನರಿಂದ ಹಿಡಿದ ತಿಂಗಳಿಗೆ 34,020 ರೂಪಾಯಿಯನ್ನು ಖರ್ಚು ಮಾಡಿದೆ. ಪಗಾರದಿಂದ ಹಿಡಿದು ಕಟ್ಟದೆ ಉಳಿಸಿಕೊಂಡ ಪಾಲನ್ನು ಕಾನೂನು ಸಾಲವೆಂದು ನೋಡುವುದಿಲ್ಲ, ನಂಬಿಕೆದ್ರೋಹದ ಅಪರಾಧವೆಂದು ನೋಡುತ್ತದೆ. ಆದಾಯ ತೆರಿಗೆಯಲ್ಲಿಯೂ, ನೌಕರರ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ನಂತರ ಕಟ್ಟಿದರೂ ಅದನ್ನು ಖರ್ಚೆಂದು ತೋರಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿತ್ತು. ಕಾನೂನಿನ ಮಾತು ಹಾಗಿರಲಿ, ಆ ಹುಡುಗನ ತಾಯಿಯ ಶಸ್ತ್ರಚಿಕಿತ್ಸೆ ಹದಿನೈದು ದಿನ ಮುಂದಕ್ಕೆ ಹೋಯಿತು. ನನ್ನ ಬಳೆಗಳನ್ನು ಅಡವಿಟ್ಟು ಅವನಿಗೆ ಹಣ ಕೊಟ್ಟೆ, ಮುಂದಿನ ವಾರಗಳಲ್ಲಿ ಎಲ್ಲರ ನಾಲ್ಕು ತಿಂಗಳ ಚಲನ್ ಕಟ್ಟಿದೆ. ದೀಪಾವಳಿಯ ನಂತರ ಅವನು ಹುಬ್ಬಳ್ಳಿಗೆ ಹೋದನು. ಹೋಗುವಾಗ ಕೆಟ್ಟ ಮಾತನಾಡಲಿಲ್ಲ, ಅಷ್ಟೇ ಹೇಳಬಲ್ಲೆ.

ವಿಜಯಪುರದ ಅಂಗಡಿಯನ್ನು ಮುಚ್ಚಿದ್ದೇನೆ. ಐದು ವರ್ಷಕ್ಕಿಂತ ಮೊದಲು ಬಿಟ್ಟದ್ದಕ್ಕಾಗಿ ಕಂಪನಿಯು ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ, 1872ರ ಕರಾರು ಕಾಯ್ದೆಯೇ ಆಧಾರ. ಆದ್ದರಿಂದ ನೀವು ಸಹಿ ಹಾಕಿದ ಕಾಗದದಲ್ಲಿ ಇದ್ದದ್ದೇ ಬಹುಮಟ್ಟಿಗೆ ಕೊನೆಯ ಮಾತು. ತಕರಾರು ಎತ್ತಬೇಕಾದರೆ ಕಂಪನಿ ಇರುವ ಊರಿನ ಪಂಚಾಯ್ತಿದಾರರ (ಆರ್ಬಿಟ್ರೇಟರ್) ಮುಂದೆಯೇ ಹೋಗಬೇಕು ಎಂಬ ಷರತ್ತು ನನ್ನ ಒಪ್ಪಂದದಲ್ಲಿತ್ತು, ನಿಮ್ಮದರಲ್ಲಿಯೂ ಇದೆಯೇ ನೋಡಿರಿ.

ಈಗ ವಿದ್ಯಾಗಿರಿಯಲ್ಲಿ ಪಗಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ಮಾಡಿದ್ದೇನೆ. ಪ್ರತಿ ರಾತ್ರಿ ಗಲ್ಲಾ ಎಣಿಸಿದ ಮೇಲೆ ಆ ದಿನದ ಪಗಾರ, ಪಿ.ಎಫ್., ಇ.ಎಸ್.ಐ. ಪಾಲು ಮೊದಲು ಅಲ್ಲಿಗೆ ಹೋಗುತ್ತದೆ, ಆ ಖಾತೆಗೆ ಯಾರ ಆಟೋ ಡೆಬಿಟ್ ಕೂಡ ಇಲ್ಲ. ರಾಯಲ್ಟಿಯ ದಿನಾಂಕವನ್ನು ಬಹಳ ಪತ್ರ ಬರೆದು 3ರಿಂದ 18ಕ್ಕೆ ಬದಲಾಯಿಸಿಕೊಂಡೆ, ಸಹಿಗೆ ಮೊದಲೇ ಕೇಳಿದ್ದರೆ ಒಂದು ಮಾತಿನಲ್ಲಿ ಆಗುತ್ತಿತ್ತು.

ನಿಮ್ಮ ಮನೆಗೂ ಅಂಥ ಹಾಳೆ ಬಂದಿದ್ದರೆ, ವಾರದಲ್ಲಿ ಅಂಗಡಿ ತೆರೆದಿರಬೇಕಾದ ಗಂಟೆಗಳನ್ನು 48ರಿಂದ ಭಾಗಿಸಿ, ಕೆಲಸದ ಜಾಗಗಳ ಸಂಖ್ಯೆಯಿಂದ ಗುಣಿಸಿ, ಜನರ ಸಂಖ್ಯೆಯನ್ನು ನೀವೇ ಬರೆಯಿರಿ. ನಂತರ ಅದೇ ಕಂಪನಿಯ ಅಂಗಡಿಯನ್ನು ಎರಡು ವರ್ಷದಿಂದ ನಡೆಸುತ್ತಿರುವ ಒಬ್ಬರನ್ನು ಕಂಪನಿಯ ಪ್ರತಿನಿಧಿ ಜೊತೆಗಿಲ್ಲದಾಗ ಹೋಗಿ ಕಂಡು, ಡಿಸೆಂಬರ್ ತಿಂಗಳದ್ದಲ್ಲ, ಮೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಪಿ.ಎಫ್. ಚಲನ್ ತೋರಿಸುವಂತೆ ಕೇಳಿರಿ.