ರಾತ್ರಿಯಿಡೀ ಓಡುವ ಕೆಲಸಗಳಿಗೆ ಪ್ಯೂ

ಮಾವನ ಹತ್ತಿರ ಯಕ್ಷಗಾನದ ವಿಡಿಯೋಗಳು ನಲವತ್ತಕ್ಕೂ ಜಾಸ್ತಿ ಇವೆ. ಒಂದೊಂದೂ ಇಡೀ ರಾತ್ರಿಯ ಆಟ. ಅವನ್ನೆಲ್ಲ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಆದ ಎಫ್‌ಎಫ್‌ಎಂಪೆಗ್‌ನಲ್ಲಿ ಸಣ್ಣ ಫೈಲ್ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಮಹಡಿಯಲ್ಲಿರುವ ಹಳೇ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಿ (ಅಂದರೆ ನೆಟ್‌ವರ್ಕ್ ಮೂಲಕ ಅದರೊಳಗೆ ಹೋಗಿ ಕಮಾಂಡ್ ಕೊಟ್ಟು) ಕೆಲಸ ಹಚ್ಚುತ್ತಿದ್ದೆ, ವೈಫೈ ಹೋದರೆ ಅದೂ ಅಲ್ಲಿಗೇ ನಿಲ್ಲುತ್ತಿತ್ತು.

ಕೆಲಸಗಳನ್ನು ಸಾಲಿನಲ್ಲಿಟ್ಟು ಓಡಿಸುವ ಪ್ಯೂ ಹಾಕಿಕೊಂಡ ಮೇಲೆ ಆ ಕಾಟ ತಪ್ಪಿತು. ಹುಡುಕುವಾಗ ಪಿ-ಯು-ಇ-ಯು-ಇ ಅಂತ ಟೈಪ್ ಮಾಡಿ. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಹಿಂದೆ ಒಂದು ಡೀಮನ್ (ಕಣ್ಣಿಗೆ ಕಾಣದ ಪ್ರೋಗ್ರಾಂ) ಓಡುತ್ತಿರುತ್ತದೆ, ನಾವು ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಿಂದ ಅದಕ್ಕೆ ಕೆಲಸ ಒಪ್ಪಿಸಿ ಎದ್ದು ಹೋಗಬಹುದು. 'ಆ್ಯಡ್' ಅಂದರೆ ಕೆಲಸ ಸಾಲಿಗೆ ಸೇರುತ್ತದೆ, 'ಸ್ಟೇಟಸ್' ಅಂದರೆ ಯಾವುದು ಮುಗಿದಿದೆ, ಯಾವುದು ಕಾಯುತ್ತಿದೆ ಅಂತ ಟೇಬಲ್ ಬರುತ್ತದೆ. ಸುಮ್ನೆ ಬಿಟ್ಟರೆ ಒಂದು ಸಲಕ್ಕೆ ಒಂದೇ ಕೆಲಸ, ನಾನು 'ಪ್ಯಾರಲಲ್ 2' ಅಂತ ಕೊಟ್ಟು ಎರಡು ಮಾಡಿಕೊಂಡಿದ್ದೇನೆ.

ನನಗೆ ತುಂಬಾ ಹಿಡಿಸಿದ್ದು 'ಪಾಸ್' (pause), ಅಂದರೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು. ಬೆಳಿಗ್ಗೆ ಮಗಳಿಗೆ ಆನ್‌ಲೈನ್ ಕ್ಲಾಸ್‌ಗೆ ಅದೇ ಕಂಪ್ಯೂಟರ್ ಬೇಕು, ಆಗ ಪಾಸ್ ಕೊಟ್ಟರೆ ಅರ್ಧ ಆಗಿರುವ ಕೆಲಸ ಅಲ್ಲೇ ನಿಂತು ಸಂಜೆ 'ಸ್ಟಾರ್ಟ್' ಅಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇನ್ನೊಂದು 'ಆಫ್ಟರ್'. ಮೂಲ ಫೈಲ್ ಅಳಿಸುವ ಕೆಲಸವನ್ನು ಕನ್ವರ್ಟ್ ಮಾಡುವ ಕೆಲಸದ ಬಾಲಕ್ಕೆ ಕಟ್ಟಿಡಬಹುದು, ಮೊದಲನೆಯದು ಫೇಲ್ ಆದರೆ ಎರಡನೆಯದು ಓಡುವುದೇ ಇಲ್ಲ. ಮಾವನ ಒಂದೇ ಪ್ರತಿ ಇರುವ ರೆಕಾರ್ಡಿಂಗ್ ಕೈಯಲ್ಲಿರುವಾಗ ಇದು ಎಷ್ಟು ಧೈರ್ಯ ಕೊಡುತ್ತದೆ ಅಲ್ವಾ!

ಒಂದು ಕಡೆ ಮಾತ್ರ ಎಡವಿದೆ. 'ಗದಾಯುದ್ಧ ಭಾಗ 2' ಅಂತ ಜಾಗ ಬಿಟ್ಟು ಹೆಸರಿಟ್ಟ ಫೈಲ್‌ಗಳೆಲ್ಲ ಸಾಲಾಗಿ ಫೇಲ್ ಆದವು. ಫೈಲ್ ಹೆಸರಿಗೆ ಹಾಕಿದ ಕೋಟ್‌ಗಳನ್ನು (ಉದ್ಧರಣ ಚಿಹ್ನೆಗಳನ್ನು) ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಶೆಲ್ ಮೊದಲೇ ತೆಗೆದುಬಿಡುತ್ತದೆ, ಪ್ಯೂ ಕೈಗೆ ಸಿಗುವುದು ಬಿಡಿಬಿಡಿ ಪದಗಳು. ಇಡೀ ಕಮಾಂಡನ್ನೇ ಕೋಟ್ ಒಳಗೆ ಹಾಕಬೇಕು. 'ಲಾಗ್' ನೋಡಿದಾಗ ಕಾರಣ ಗೊತ್ತಾಯಿತು, 'ರೀಸ್ಟಾರ್ಟ್' ಜೊತೆ 'ಎಡಿಟ್' ಕೊಟ್ಟು ಅಲ್ಲೇ ಸರಿಮಾಡಿದೆ.

ಕರೆಂಟ್ ಹೋದರೆ ಸಾಲು ಅಳಿಯುವುದಿಲ್ಲ, ಡಿಸ್ಕ್‌ನಲ್ಲಿ ಇರುತ್ತದೆ. ಆದರೆ ಓಡುತ್ತಿದ್ದ ಕೆಲಸ ಸತ್ತಿರುತ್ತದೆ, ಉಳಿದವು ನಾವು ಹೇಳುವ ತನಕ ಕಾಯುತ್ತವೆ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಏನೂ ಮುಂದೆ ಹೋಗಿರುವುದಿಲ್ಲ, ಬೇಜಾರಾಗುತ್ತದೆ. ಆದರೂ ತಾನಾಗಿಯೇ ಶುರುವಾಗಿ ಏನಾದರೂ ಅಳಿಸುವುದಕ್ಕಿಂತ ಇದೇ ವಾಸಿ.

ಹತ್ತಾರು ಸರ್ವರ್‌ಗಳಿಗೆ ಕೆಲಸ ಹಂಚಬೇಕು ಅನ್ನುವವರು ಅದಕ್ಕೆಂದೇ ಇರುವ ಸೆಲರಿ (Celery) ಸಾಫ್ಟ್‌ವೇರ್‌ನಂಥದ್ದನ್ನು ನೋಡಿ. ಒಂದು ಮೆಷಿನ್, ಉದ್ದದ ಕೆಲಸ ಅಂದರೆ ಇವತ್ತೇ ಹಾಕಿಕೊಳ್ಳಿ.